ಪತ್ತೇದಾರನಿಗೂ ಒಂದು ಕಾಯಿಲೆ

"ಕೊಲೆಗಾರ ಯಾರು ಅಂತ ಗೊತ್ತಾಯ್ತು ಕಣ್ರೋ," ಎಂದ ಸೀನ. "ಗಿಡಕ್ಕೆ ನೀರು ಹಾಕೋ ಸಾಧು ಮನುಷ್ಯ. ಅವನೊಳಗೆ ಇನ್ನೊಬ್ಬ ಇರ್ತಾನೆ, ನೋಡ್ತಿರಿ."

ಸೀನನ ಊಹೆ ತಪ್ಪುವುದು ಕಮ್ಮಿ. ಆಸ್ತಿ, ಸೇಡು, ಹೊಟ್ಟೆಕಿಚ್ಚು ಎಲ್ಲಾ ಮುಗಿದ ಮೇಲೆ ಥ್ರಿಲ್ಲರ್ ಬರೆಯುವವರಿಗೆ ಉಳಿಯುವುದು ಕಾಯಿಲೆ ಒಂದೇ.

"ಅದೇ, ಸ್ಕಿಜೋಫ್ರೇನಿಯಾ," ಎಂದ ರಂಗ.

ಶೈಲಾ ಮನಃಶಾಸ್ತ್ರ ಓದಿದವಳು. ಸುಮ್ನೆ ಬಿಡುತ್ತಾಳಾ? "ಅಲ್ಲ ಮಾರಾಯ. ಅದರಲ್ಲಿ ಇಲ್ಲದ ದನಿ ಕೇಳಿಸಬಹುದು. ಒಬ್ಬನೊಳಗೆ ಇಬ್ಬರು ಅನ್ನೋದು ಬೇರೆ ಕಾಯಿಲೆ. ಅಮೆರಿಕದ ಮನೋವೈದ್ಯರು 1994ರಲ್ಲೇ ಅದಕ್ಕೆ ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಅಂತ ಹೊಸ ಹೆಸರಿಟ್ಟರು. ಕಾದಂಬರಿಕಾರರಿಗೆ ಸುದ್ದಿ ಇನ್ನೂ ಮುಟ್ಟಿಲ್ಲ."

"ಇಷ್ಟುದ್ದದ ಹೆಸರು ಇನ್ಸ್‌ಪೆಕ್ಟರ್ ಹೇಳಿ ಮುಗಿಸೋದ್ರೊಳಗೆ ಕೊಲೆಗಾರ ಪರಾರಿ!"

"ನಗಬೇಡ. ಚಿಕ್ಕಂದಿನಲ್ಲಿ ಹಿಂಸೆ ತಿಂದವರೇ ಅವರಲ್ಲಿ ಜಾಸ್ತಿ. ಎಷ್ಟೋ ಜನ ತಮಗೆ ತಾವೇ ಹಾನಿ ಮಾಡ್ಕೋತಾರೆ."

ರಂಗ ತಕ್ಷಣ ಸೈಕೋಪಾತ್, ಅಂದರೆ ಕರುಣೆ, ಪಶ್ಚಾತ್ತಾಪ ಇಲ್ಲದವನ ಕಡೆ ಹೊರಳಿದ. "ಅವನಾದ್ರೂ ಪಿಯಾನೋ ನುಡಿಸ್ತಾನೆ, ಚೆಸ್ ಆಡ್ತಾನೆ, ಅಲ್ವಾ?"

"ಅಂಥವರನ್ನ ಗುರುತಿಸೋಕೆ ಕೆನಡಾದ ಮನಃಶಾಸ್ತ್ರಜ್ಞ ರಾಬರ್ಟ್ ಹೇರ್ ಮಾಡಿದ ಪಟ್ಟಿಯಲ್ಲಿ 20 ಅಂಶ ಇವೆ. ಒಟ್ಟು 40 ಅಂಕ, 30 ಮುಟ್ಟಿದರೆ ಸಾಮಾನ್ಯವಾಗಿ ಸೈಕೋಪಾತ್ ಅಂತಾರೆ. ಪಿಯಾನೋಗೆ ಒಂದು ಅಂಕವೂ ಇಲ್ಲ. ಬೇಗ ಬೇಜಾರಾಗೋದು, ಹಿಂದುಮುಂದು ನೋಡದೆ ನುಗ್ಗೋದು, ಕಂಡವರ ದುಡ್ಡಲ್ಲಿ ಬದುಕೋದು, ಇಂಥವು ಇವೆ."

"ಹಾಗಾದ್ರೆ ಹತ್ತು ವರ್ಷ ಪ್ಲಾನ್ ಮಾಡಿ, ಗೋಡೆ ತುಂಬ ಫೋಟೋ ಅಂಟಿಸಿ, ಕೆಂಪು ದಾರ ಎಳೆಯೋನು?"

"ದಾರ ಎಳೆಯೋನು ಪತ್ತೇದಾರ ಕಣೋ," ಎಂದ ಸೀನ.

"ಅವನಿಗೂ ಒಂದು ಕಾಯಿಲೆ ಇರುತ್ತಲ್ಲ!"

ಹೌದು, ನನಗೆ ಮೊದಲಿಂದ ತಮಾಷೆ ಅನ್ನಿಸುವುದು ಇದೇ. ಕೊಲೆಗಾರನ ಕಾಯಿಲೆ ಕೊಲೆ ಮಾಡಿಸುತ್ತದೆ, ಪತ್ತೇದಾರನದು ಬುದ್ಧಿ ಹೆಚ್ಚಿಸುತ್ತದೆ. ನಿಜವಾದ ಗೀಳು ರೋಗ ಜೋರಾಗಿದ್ದರೆ ಚಿಲಕ ಹಾಕಿದೆನಾ ಎಂದು ನೋಡಿ, ವಾಪಸ್ ಬಂದು ಮತ್ತೆ ನೋಡಿ, ಮನೆ ಬಿಡುವುದೇ ಕಷ್ಟ. ಈ ಮಹಾಶಯ ಮಾತ್ರ ಹೆಣದ ಹತ್ತಿರ ಎಲ್ಲರಿಗಿಂತ ಮೊದಲು ಹಾಜರ್. ಇನ್ನು ರಾತ್ರಿಯಿಡೀ ನಿದ್ದೆಗೆಟ್ಟವನಿಗೆ ಬೆಳಗ್ಗೆ ತಲೆ ಓಡುವುದು ಪುಸ್ತಕದಲ್ಲಿ ಮಾತ್ರ.

"ಡಾಕ್ಟರು ಯಾಕೆ ಕೊನೇ ಅಧ್ಯಾಯಕ್ಕೇ ಬರ್ತಾರೆ?" ರಂಗ ಕೇಳಿದ. "ಮೊದಲೇ ಬಂದು ಮಾತ್ರೆ ಕೊಟ್ಟಿದ್ರೆ ಅಷ್ಟು ಜನ ಬದುಕ್ತಿದ್ರು."

"ಒಳಗೆ ಇಬ್ಬರಿರೋ ಕಾಯಿಲೆಗೆ ಅಂತ ಮಾತ್ರೆ ಇಲ್ಲ. ವರ್ಷಗಟ್ಟಲೆ ಕೂರಿಸಿಕೊಂಡು ಮಾತಾಡಿಸಬೇಕು," ಎಂದಳು ಶೈಲಾ.

"ಪ್ರಕಾಶಕರಿಗೆ ಹೇಳಬೇಡ," ಎಂದ ಸೀನ. "ಅದನ್ನೇ ಆರು ಭಾಗ ಮಾಡಿ ಮಾರ್ತಾರೆ."