ಅಪ್‌ಡೇಟ್: ಅಂಕ ಚೆನ್ನಾಗಿದ್ದರೆ ಸಂದರ್ಶನಕ್ಕೆ ಅಷ್ಟೊಂದು ತಯಾರಿ ಬೇಕೆ?

ಖಾಸಗಿ ಶಾಲೆಯ ಪ್ರವೇಶದಲ್ಲಿ ಸಂದರ್ಶನ ಬರೀ ಶಾಸ್ತ್ರವೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ತಯಾರಿ ಬೇಕೇ ಬೇಕು, ಆದರೆ ಬಾಯಿಪಾಠ ಖಂಡಿತ ಬೇಡ.

ಅಂಕಪಟ್ಟಿ, ಶಿಕ್ಷಕರ ಅಭಿಪ್ರಾಯ ಎರಡೂ ಸಮನಾಗಿರುವ ಮಕ್ಕಳ ನಡುವೆ ಆರಿಸುವಾಗ ಸಂದರ್ಶನವೇ ತಕ್ಕಡಿಯನ್ನು ವಾಲಿಸಬಹುದು. ಉರು ಹೊಡೆದ ಮಗು ಎರಡನೇ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತದೆ. 'ಓದೋದು ಇಷ್ಟ' ಎಂದ ಕೂಡಲೇ 'ಈಗ ಯಾವ ಪುಸ್ತಕ, ಅದರಲ್ಲಿ ಯಾರು ಇಷ್ಟವಾಗಲಿಲ್ಲ?' ಎಂದು ಕೇಳುತ್ತಾರೆ. ಅಲ್ಲಿ ಮೌನವಾದರೆ ಮೊದಲ ಉತ್ತರಕ್ಕೂ ಬೆಲೆಯಿಲ್ಲ.

ಹಾಗಾಗಿ ವಾರಕ್ಕೆ 2–3 ಸಲ, 15 ನಿಮಿಷ, 'ಯಾಕೆ', 'ಹೇಗೆ' ಎಂಬ ಪ್ರಶ್ನೆಗಳಿಂದ ಮಾತಿಗೆಳೆಯಿರಿ. ಮನೆಯವರಲ್ಲದ ಹಿರಿಯರೊಬ್ಬರು ಒಮ್ಮೆಯಾದರೂ ಕೇಳಲಿ, ಏಕೆಂದರೆ ಅಪರಿಚಿತರ ಮುಂದೆ ದನಿ ಇಳಿದುಹೋಗುವ ಮಕ್ಕಳೇ ಹೆಚ್ಚು. ಮಗು ತಾನಾಗಿ ಕೇಳಲು ಎರಡು ಪ್ರಶ್ನೆ ಇರಲಿ.

ತಂದೆತಾಯಿಯರ ತಪ್ಪು ಇನ್ನೂ ದೊಡ್ಡದು: ಮಗುವಿಗೆ ಕೇಳಿದ್ದಕ್ಕೆ ತಾವೇ ಉತ್ತರಿಸುವುದು. ಅರ್ಜಿಯಲ್ಲಿ ಬರೆದದ್ದು ಒಂದು, ಬಾಯಲ್ಲಿ ಹೇಳುವುದು ಇನ್ನೊಂದು ಆದರೂ ಕಷ್ಟ. ಅರ್ಜಿಯ ಪ್ರತಿಯನ್ನು ಹಿಂದಿನ ದಿನ ಇಬ್ಬರೂ ಓದಿಕೊಳ್ಳಿ. ಕಲಿಕೆಯಲ್ಲಿ ತೊಡಕಿದ್ದರೆ ದಯವಿಟ್ಟು ಮುಚ್ಚಿಡಬೇಡಿ, ಯಾವ ನೆರವು ಸಿಗುತ್ತದೆಂದು ಅಲ್ಲೇ ಕೇಳಿ.