ಪಾಂಪ್ಲೆಟ್ ಜನ ಓದುವ ಹಾಗೆ ಮಾಡುವುದು ಹೇಗೆ?

ಉಡುಪಿಯಲ್ಲಿ ಅಮ್ಮ ಚಕ್ಕುಲಿ, ಉಂಡೆ, ಹಪ್ಪಳ ಮಾಡಿ ಮಾರುತ್ತಾರೆ. ಅಷ್ಟಮಿಗೆ ಮುಂಚೆ ಪೇಪರ್ ಒಳಗೆ ಹಾಕಿಸಲು ಎ5 ಪಾಂಪ್ಲೆಟ್ ಮಾಡುತ್ತಿದ್ದೇನೆ. 14 ಐಟಂ, ರೇಟು, 6 ಫೋಟೋ ಎಲ್ಲ ತುಂಬಿಸಿದೆ, ಈಗ ನೋಡಿದರೆ ಏನೂ ಕಣ್ಣಿಗೆ ಬೀಳುತ್ತಿಲ್ಲ. ಏನು ತೆಗೆಯಲಿ?

ಉತ್ತರ 1:
ಮೊದಲು 5 ಫೋಟೋ ತೆಗೆಯಿರಿ. ಚಕ್ಕುಲಿಯದ್ದು ಒಂದೇ ಸಾಕು, ದೊಡ್ಡದಾಗಿ. "ಅಷ್ಟಮಿಗೆ ಚಕ್ಕುಲಿ, ಉಂಡೆ ಆರ್ಡರ್ ಮಾಡಿ" ಎಂಬುದು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಇರಲಿ, ಆಮೇಲೆ ಫೋನ್ ನಂಬರ್ ಮತ್ತು ಆರ್ಡರ್ ಕೊಡಲು ಕೊನೆಯ ದಿನ, ಉಳಿದದ್ದು ಚಿಕ್ಕದಾಗಿ. ಸುತ್ತ ಖಾಲಿ ಜಾಗ ಬಿಡಿ, ಅದು ವೇಸ್ಟ್ ಅಲ್ಲ. ಹಸಿರಿನ ಮೇಲೆ ಕೆಂಪು ಅಕ್ಷರ ಮಾತ್ರ ಬೇಡವೇ ಬೇಡ.

ಉತ್ತರ 2:
ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ ಅಲ್ವಾ, ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಅಂತರ ಕೊಡಿ, ಇಲ್ಲದಿದ್ದರೆ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಫಾಂಟ್ ಎರಡಕ್ಕಿಂತ ಜಾಸ್ತಿ ಬೇಡ. ತಲೆಬರಹಕ್ಕೆ ಬಾಲೂ ತಮ್ಮ, ಉಳಿದದ್ದಕ್ಕೆ ನೋಟೋ ಸಾನ್ಸ್ ಕನ್ನಡ ಚೆನ್ನಾಗಿರುತ್ತದೆ, ಎರಡೂ ಫ್ರೀ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್! ಪ್ರೆಸ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಇಮೇಜ್ ಕಳಿಸಿದರೆ ಆಗುತ್ತದಾ?

ಉತ್ತರ 3 (ಮಂಗಳೂರಿನಲ್ಲಿ ಪ್ರಿಂಟಿಂಗ್ ಕೆಲಸ):
ಬೇಡ ಮಾರ್ರೆ, ಫೋಟೋ ಆಗಿ ಕಳಿಸಿದರೆ ಅದು ಕಂಪ್ರೆಸ್ ಆಗಿ ಅಕ್ಷರ ಮಸುಕಾಗುತ್ತದೆ. ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಿ. ಎ5 ಅಂದರೆ 148 × 210 ಮಿಮೀ, ಬಣ್ಣ ಅಂಚಿನವರೆಗೆ ಇದ್ದರೆ ನಾಲ್ಕೂ ಕಡೆ 3 ಮಿಮೀ ಜಾಸ್ತಿ ಬಿಡಿ, ಕಟಿಂಗ್‌ಗೆ ಬೇಕು. ಫೋಟೋ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕೆ) ಇರಲಿ. ಸ್ಕ್ರೀನಿನಲ್ಲಿ ಹೊಳೆಯುವ ಹಸಿರು ಪ್ರಿಂಟ್‌ನಲ್ಲಿ ಡಲ್ ಆಗುತ್ತದೆ, ಹಾಗಾಗಿ ಒಂದು ಪ್ರೂಫ್ (ಮಾದರಿ ಪ್ರಿಂಟ್) ತೆಗೆಸಿ ನೋಡಿಯೇ ಓಕೆ ಹೇಳಿ.