ಡೀಸೆಲ್ ಬಿದ್ದ ಎರೆ ಮಣ್ಣು: ಬ್ಯಾಕ್ಟೀರಿಯಾ ಹಾಕಿದರೂ ವಾಸನೆ ಹೋಗ್ತಿಲ್ಲ

ಎರೆಹೊಲ, ದಾವಣಗೆರೆ:
ಟ್ರ್ಯಾಕ್ಟರ್ ಶೆಡ್ ಪಕ್ಕ 20 ಲೀಟರ್ ಡೀಸೆಲ್ ಕ್ಯಾನ್ ರಾತ್ರಿ ಉರುಳಿ ಪೂರ್ತಿ ಖಾಲಿಯಾಯಿತು. ಗೊಬ್ಬರದ ಅಂಗಡಿಯಿಂದ ಸ್ಯುಡೋಮೊನಾಸ್ ಬ್ಯಾಕ್ಟೀರಿಯಾ ಪುಡಿ ತಂದು, ಬೆಲ್ಲದ ನೀರಲ್ಲಿ ಕಲಸಿ ಸುರಿದೆ. ವಾಸನೆ ಮನೆಗೆ ಬರಬಾರದು ಅಂತ ತಾಡಪಾಲು ಹೊದಿಸಿದೆ. ತಿಂಗಳಾಯಿತು. ತೆಗೆದರೆ ಮೊದಲ ದಿನದ ಹಾಗೇ ಮೂಗಿಗೆ ಹೊಡೆಯುತ್ತೆ. ನೀರು ಹಾಕಿದರೆ ಕೆಸುವಿನ ಎಲೆ ಮೇಲಿನ ಹಾಗೆ ಮುತ್ತು ಮುತ್ತಾಗಿ ಉರುಳುತ್ತೆ, ಇಂಗಲ್ಲ. ಪುಡಿ ಡೂಪ್ಲಿಕೇಟಾ?

ಶೇಂಗಾಸಿಪ್ಪೆ, ಚಳ್ಳಕೆರೆ:
ಪುಡಿನ ಸುಮ್ನೆ ಬೈಬೇಡಿ ಅಣ್ಣ. ಅದು ಬೇರು ಕೊಳೆಯೋ ರೋಗಕ್ಕೆ ಅಂತ ಆರಿಸಿದ ತಳಿ. ಡೀಸೆಲ್ ತಿನ್ನೋ ಬ್ಯಾಕ್ಟೀರಿಯಾ ನಿಮ್ಮ ಮಣ್ಣಲ್ಲೇ ಇವೆ. ಅವಕ್ಕೆ ಉಸಿರು ಕಟ್ಟಿದೆ ಅಷ್ಟೇ. ಮೇಲೆ ಹೊದಿಸಿದ ತಾಡಪಾಲನ್ನ ಕೆಳಗೆ ಹಾಸಿ. ಮಣ್ಣು ಅಗೆದು ಅದರ ಮೇಲೆ ಗೇಣು ದಪ್ಪ ಹರಡಿ. ಎರೆ ಮಣ್ಣು ಅಂಟಿಕೊಳ್ಳುತ್ತೆ, ಶೇಂಗಾ ಸಿಪ್ಪೆ ಬೆರೆಸಿ. ವಾರಕ್ಕೆರಡು ಸಲ ಮಗುಚಿ. ಹಿಡಿ ಕಟ್ಟಿದರೆ ಉಂಡೆಯಾಗಬೇಕು, ನೀರು ಒಸರಬಾರದು.

ಇನ್ನು ಊಟ. ಡೀಸೆಲ್ಲಲ್ಲಿ ಇಂಗಾಲ ಬೇಕಾದಷ್ಟಿದೆ, ಸಾರಜನಕ ಇಲ್ಲ. ಬರೀ ಬೆಣ್ಣೆ ತಿಂದು ಇರೋಕಾಗುತ್ತಾ, ದೋಸೆನೂ ಬೇಕಲ್ವಾ? 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ಎಣ್ಣೆ ಚೆಲ್ಲಿದಾಗಲೂ ದಂಡೆಗೆ ಗೊಬ್ಬರ ಹಾಕಿದ್ದರು. 100 ಪಾಲು ಇಂಗಾಲಕ್ಕೆ 10 ಪಾಲು ಸಾರಜನಕ, 1 ಪಾಲು ರಂಜಕ ಅಂತ ಲೆಕ್ಕ. 20 ಲೀಟರ್ ಡೀಸೆಲ್ ಹತ್ತಿರ ಹತ್ತಿರ 17 ಕೆಜಿ, ಅದರಲ್ಲಿ ಇಂಗಾಲ ಹದಿನಾಲ್ಕೂವರೆ. ಅಲ್ಲಿಗೆ ಸಾರಜನಕಕ್ಕೆ ಯೂರಿಯಾ 3 ಕೆಜಿ, ರಂಜಕಕ್ಕೆ ಡಿಎಪಿ ಗೊಬ್ಬರ ಮುಕ್ಕಾಲು ಕೆಜಿ. ನಾಲ್ಕು ಕಂತು ಮಾಡಿ, ಒಂದೇ ಸಲಕ್ಕೆ ಹಾಕಿದರೆ ಉಪ್ಪು ಜಾಸ್ತಿಯಾಗುತ್ತೆ. ಬೆಲ್ಲ ಬೇಡ. ಸಿಹಿ ಸಿಕ್ಕರೆ ಡೀಸೆಲ್ ಯಾರು ಮುಟ್ಟುತ್ತಾರೆ?

ಹಳೇಮೆಕ್ಯಾನಿಕ್:
ಬೀಡಿ ಸೇದಿಕೊಂಡು ಮಗುಚಬೇಡಿ ಸಾರ್.

ಎರೆಹೊಲ:
ಒಂದೂವರೆ ತಿಂಗಳಾದ ಮೇಲೆ ಬರೀತಿದ್ದೀನಿ. ನೀರು ಈಗ ಇಂಗುತ್ತಿದೆ. ಕುಂಡದಲ್ಲಿ 10 ಹೆಸರುಕಾಳು ಹಾಕಿದೆ, 6 ಮೊಳೆತವು. ಹೊಲದ ಮಣ್ಣಲ್ಲಿ 9. ಆದರೆ ಶೆಡ್ಡಿನ ಮೂಲೆಯಲ್ಲಿ ಹಳೇ ಎಂಜಿನ್ ಆಯಿಲ್ ಸುರಿತಿದ್ದ ಜಾಗ ಹಾಗೇ ಇದೆ. ಅದಕ್ಕೂ ಇದೇ ಮದ್ದಾ?

ಶೇಂಗಾಸಿಪ್ಪೆ:
ಅದು ಬೇರೆ ಕತೆ. ಎಣ್ಣೆ ನಿಧಾನಕ್ಕೆ ಹೋಗಬಹುದು. ಆದರೆ ಹಳೇ ಆಯಿಲ್‌ನಲ್ಲಿ ಸೀಸ, ಸತು ಇರುತ್ತೆ, ಲೋಹನ ಯಾವ ಬ್ಯಾಕ್ಟೀರಿಯಾನೂ ತಿಂದು ಮುಗಿಸಲ್ಲ. ಆ ಮಣ್ಣನ್ನ ಇದಕ್ಕೆ ಬೆರೆಸಿಲ್ಲ ತಾನೇ?

ಎರೆಹೊಲ:
ಒಂದು ಬುಟ್ಟಿ ಬೆರೆಸಿಬಿಟ್ಟೆ ಅಣ್ಣ.

ಶೇಂಗಾಸಿಪ್ಪೆ:
ಹಾಗಾದರೆ ಸೊಪ್ಪು, ತರಕಾರಿ ಬೇಡ. ಕನಕಾಂಬರ ಹಾಕಿ.